ಒಡ್ಡು ಕಿತ್ತ ಹೊಲದ ನೀರು

ಮೊದಲ ದೊಡ್ಡ ಮಳೆ ಬಿದ್ದ ಮರುದಿನ ಕಚೇರಿಯಿಂದ ಹೇಳಿಕಳಿಸಿದರು: ಅಳತೆಯ ಕೆಲಸ ಮುಗಿಯಿತು, ಸಾಮಾನು ತೆಗೆದುಕೊಂಡು ವಾಪಸ್ ಬನ್ನಿ. ನಾನು ಹೋಗಲಿಲ್ಲ. ಹೋಗದೆ ಅಲ್ಲಿ ಏನು ಮಾಡಿದೆ ಎಂಬುದನ್ನು ಬರೆಯುತ್ತೇನೆ. ಇಂಥ ಕಡೆ ನೆನಪು ನನ್ನನ್ನು ಸ್ವಲ್ಪ ದೊಡ್ಡವಳನ್ನಾಗಿಯೂ ಉಳಿದವರನ್ನು ಸ್ವಲ್ಪ ಸಣ್ಣವರನ್ನಾಗಿಯೂ ಮಾಡಿಕೊಡುತ್ತದೆ. ಹಾಗೆ ಮಾಡಿದ್ದು ಗೊತ್ತಾದ ಕಡೆ ಅದರ ಕೈ ಹಿಡಿಯುತ್ತೇನೆ. ಗೊತ್ತಾಗದ ಕಡೆ ನಾನೂ ಮೋಸ ಹೋಗಿದ್ದೇನೆ ಎಂದು ತಿಳಿಯಿರಿ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಶಿರೂರಿನ ಆಚೆ, ಹುನಗುಂದದ ಕಡೆ ಹೋಗುವ ರಸ್ತೆಯಿಂದ ಒಳಗೆ, ಒಂದು ಇಳಿಜಾರಿನ ಹೊಲ. ಮೇಲ್ಭಾಗ ಮಸಾರಿ, ಕೆಂಪು ಮಣ್ಣು. ಕೆಳಗೆ ಹಳ್ಳದ ದಂಡೆಗೆ ಇಳಿದರೆ ಎರೆ, ಕಪ್ಪು ಮಣ್ಣು. ಒಂದು ಕಾಲಕ್ಕೆ ಇಡೀ ಹೊಲ ಒಂದೇ ಆಗಿತ್ತು. ಅಣ್ಣತಮ್ಮಂದಿರು ಪಾಲಾದಾಗ ಮೇಲಿನದು ತಮ್ಮನಿಗೆ, ಕೆಳಗಿನದು ಅಣ್ಣನಿಗೆ ಹೋಯಿತು. ಅಣ್ಣ ತೀರಿಕೊಂಡ ಮೇಲೆ ಕೆಳಗಿನ ಹೊಲವನ್ನು ಅವರ ಹೆಂಡತಿ ನೋಡಿಕೊಳ್ಳುತ್ತಿದ್ದರು. ಇಳಕಲ್ಲಿನ ನೇಕಾರರ ಮನೆಯ ಮಗಳು, ಹೊಲದಲ್ಲೇ ಬಾವಿ, ಬಾವಿಯ ಪಕ್ಕದಲ್ಲೇ ಮನೆ. ಮೇಲಿನ ಹೊಲದವರು ಅವರನ್ನು ವೈನಿ ಎನ್ನುತ್ತಿದ್ದರು, ಅಣ್ಣನ ಹೆಂಡತಿಯನ್ನು ಅಲ್ಲಿ ಕರೆಯುವುದೇ ಹಾಗೆ. ನಾನೂ ವೈನಿ ಎಂದೇ ಕರೆದೆ. ಆದ್ದರಿಂದ ಇಲ್ಲಿ ಆಕೆ ವೈನಿ, ಅವರು ಮೈದುನ.

ನಾನು ಬಾಗಲಕೋಟೆಯಲ್ಲಿ ಒಂದು ಯೋಜನೆಯಲ್ಲಿ ಗುತ್ತಿಗೆಯ ಮೇಲೆ ಇದ್ದ ತಾಂತ್ರಿಕ ಸಹಾಯಕಿ. ಮೈದುನನ ಹೊಲದ ಅರ್ಧದಲ್ಲಿ ಮೆಣಸಿನ ಗಿಡ. ಬೋರಿನ ನೀರನ್ನು ಸಾಲುಗಳಲ್ಲಿ ಹರಿಸುತ್ತಿದ್ದರು. ಇನ್ನರ್ಧದಲ್ಲಿ ದಾಳಿಂಬೆ, ಅದಕ್ಕೆ ಹನಿ ನೀರಾವರಿ. ಯಾವ ಪದ್ಧತಿಯಲ್ಲಿ ಎಷ್ಟು ಮಣ್ಣು ಕೊಚ್ಚಿ ಹೋಗುತ್ತದೆ, ಅದರ ಜೊತೆ ಗೊಬ್ಬರ ಮತ್ತು ಔಷಧ ಎಷ್ಟು ಹೋಗುತ್ತವೆ ಎಂದು ಅಳೆಯುವುದು ನನ್ನ ಕೆಲಸ. ಎರಡೂ ಅರ್ಧಗಳ ಕೆಳತುದಿಯಲ್ಲಿ ಒಂದೊಂದು ಪ್ಲಾಸ್ಟಿಕ್ ಡ್ರಮ್ ಹುಗಿದು, ಹರಿದು ಬಂದ ನೀರಿನ ಒಂದು ಪಾಲು ಮಾತ್ರ ಒಳಗೆ ಬೀಳುವಂತೆ ಬಾಯಿಗೆ ತಗಡು ಕೊಟ್ಟಿದ್ದೆ. ನೀರು ಬಂದಾಗ ಡ್ರಮ್ಮಿನ ತಳದ ಮಣ್ಣು ಏಳುವಂತೆ ಕೋಲಿನಿಂದ ಕಲಕಬೇಕು, ಕಲಕುತ್ತಿರುವಾಗಲೇ ಡಬ್ಬಿ ಮುಳುಗಿಸಬೇಕು. ಕಲಕುವುದನ್ನು ನಿಲ್ಲಿಸಿ ತುಂಬಿದರೆ ತಿಳಿನೀರು ಬರುತ್ತದೆ, ಹೊಲಕ್ಕೂ ಅಳೆದವರಿಗೂ ಒಳ್ಳೆಯ ಹೆಸರು ಬರುತ್ತದೆ.

ಬೇಸಿಗೆಯಿಡೀ ಫಲಿತಾಂಶ ಕಚೇರಿಗೆ ಬೇಕಾದಂತೆಯೇ ಬಂತು. ಸಾಲಿನ ಹೊಲದಲ್ಲಿ ನೀರು ಬಿಟ್ಟ ಕೂಡಲೇ ಒಣ ಮಣ್ಣು ಕಳಚಿಕೊಂಡು ಹೊರಡುತ್ತಿತ್ತು. ಡ್ರಮ್ಮಿಗೆ ಬಿದ್ದದ್ದು ಚಹಾದ ಬಣ್ಣದ್ದಲ್ಲ, ಚಹಾದ ಗಸಿಯ ಬಣ್ಣದ ನೀರು. ನೀರಿನ ಧಾರೆ ಸಣ್ಣದು ಮಾಡಿಸಿದೆ. ಉದ್ದ ಸಾಲುಗಳನ್ನು ನಡುವೆ ಕಡಿದು ಗಿಡ್ಡ ಮಾಡಿಸಿದೆ. ಕೊನೆಯಲ್ಲಿ ಒಂದು ಪಟ್ಟಿ ಹುಲ್ಲು ಬೆಳೆಯಲು ಬಿಡಿಸಿದೆ. ಗಸಿ ಕಡಿಮೆಯಾಯಿತು, ನಿಲ್ಲಲಿಲ್ಲ. ಹನಿಯ ಹೊಲದ ಡ್ರಮ್ಮಿನಲ್ಲಿ ಮಾತ್ರ ಒಂದು ಹಲ್ಲಿ ಸಂಸಾರ ಹೂಡಿತ್ತು. ನಮ್ಮ ಮೇಲಧಿಕಾರಿ ಬಂದು ಆ ಒಣ ಡ್ರಮ್ಮಿನ ಫೋಟೊ ತೆಗೆಸಿಕೊಂಡರು. "ಇದ ನೋಡ್ರಿ ನಮ್ಮ ವರದಿ," ಎಂದರು. "ಒಂದ್ ಚಮಚಾ ಮಣ್ಣು ಹೋಗಿಲ್ಲ." ಅದು ನಿಜವೇ ಆಗಿತ್ತು.

ಆಮೇಲೆ ಮಳೆ ಬಂತು.

ಮಧ್ಯಾಹ್ನದ ಮಳೆ. ಶಿರೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡು, ನಿಂತ ಮೇಲೆ ಲೂನಾ ತಳ್ಳಿಕೊಂಡು ಹೊಲಕ್ಕೆ ಹೋದೆ. ಸಾಲಿನ ಹೊಲದ ಡ್ರಮ್ಮು ತುಂಬಿ ನಿಂತಿತ್ತು. ಹನಿಯ ಹೊಲದ ಡ್ರಮ್ಮು ಇರಲೇ ಇಲ್ಲ. ಅದನ್ನು ಹುಗಿದ ಜಾಗದಲ್ಲಿ ಆಳುದ್ದದ ಕೊರಕಲು. ಆಳುದ್ದ ಎಂದು ನೆನಪು ಹೇಳುತ್ತದೆ, ಮೊಣಕಾಲುದ್ದ ಇದ್ದಿರಬೇಕು. ದಾಳಿಂಬೆ ಸಾಲುಗಳ ನಡುವಿನ ನೆಲ ಕೆಂಪು ಹಳ್ಳಗಳಾಗಿತ್ತು. ಹನಿ ನೀರಾವರಿಯ ಕಪ್ಪು ನಳಿಗಳು ಗಾಳಿಯಲ್ಲಿ ತೇಲುವಂತೆ ಕೊರಕಲುಗಳ ಮೇಲೆ ಜೋತುಬಿದ್ದಿದ್ದವು.

ಕೆಳಗಿನಿಂದ ವೈನಿ ಕೂಗಿದರು.

"ಯವ್ವಾ, ಏನ್ ಹುಡಕಾಕತ್ತಿ? ಡ್ರಮ್ಮೇನು? ಅದು ನನ್ನ ಬಾವ್ಯಾಗ ಈಸಬೀಳಾಕತ್ತೈತಿ. ಬಂದ್ ನೋಡು!"

ಇಳಿದು ನೋಡಿದೆ. ಕಪ್ಪು ಹೊಲದ ನಡುವೆ ಕೆಂಪು ನೀರಿನ ಬಾವಿ. ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ, ಮಣ್ಣು ಯಾರದೆಂದು ಬಣ್ಣವೇ ಹೇಳುತ್ತಿತ್ತು. ಬಾವಿಯ ಸಣ್ಣ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನೆನಪು ಇದನ್ನು ಅದೇ ಸಂಜೆಗೆ ಅಂಟಿಸುತ್ತದೆ. ಮೀನು ಸತ್ತದ್ದು ಮರುದಿನ. ಆ ಮನೆಯವರು ಕುಡಿಯುತ್ತಿದ್ದದ್ದು ಆ ಬಾವಿಯ ನೀರು, ಎಮ್ಮೆ ಕುಡಿಯುತ್ತಿದ್ದದ್ದೂ ಅದೇ. ಮಳೆಗೆ ಎರಡು ದಿನ ಮುಂಚೆ ಮೈದುನ ದಾಳಿಂಬೆಗೆ ಔಷಧ ಹೊಡೆದಿದ್ದರು.

ಒಡ್ಡಿನ ಸಂಗತಿ ನನಗೆ ಪೂರ್ತಿ ತಿಳಿದದ್ದು ಆಗ. ಆ ಇಳಿಜಾರಿಗೆ ಅಡ್ಡವಾಗಿ ಹಿಂದೆ ಮಣ್ಣಿನ ಒಡ್ಡುಗಳಿದ್ದವು. ಹೆಚ್ಚಾದ ನೀರು ಮಾತ್ರ ದಾಟಿ ಹೋಗಲು ಒಡ್ಡಿಗೊಂದು ಕಲ್ಲಿನ ಕೋಡಿ. ಪಾಲಾಗುವಾಗ ಹಿರಿಯರು ಮಾತು ಕಟ್ಟಿದ್ದರು. ಒಡ್ಡಿಗೆ ಮಣ್ಣು ಹಾಕುವುದು ಮೇಲಿನವನ ಕೆಲಸ, ಕೋಡಿಗೆ ಕಲ್ಲು ಜೋಡಿಸುವುದು ಕೆಳಗಿನವನ ಕೆಲಸ. ಮಳೆ ನಿಂತ ಕೂಡಲೇ ಇಬ್ಬರೂ ಸಲಿಕೆ ಹಿಡಿದು ಒಡ್ಡು ನೋಡಲು ಬರಬೇಕು. ಜಗಳವಿದ್ದರೂ ಬರಬೇಕು.

ಹನಿ ನೀರಾವರಿ ಬಂದಾಗ ನಳಿ ಜೋಡಿಸುವವನು, ಅಡ್ಡ ಒಡ್ಡು ಇದ್ದರೆ ನಳಿ ನೆಟ್ಟಗೆ ಬರುವುದಿಲ್ಲ ಎಂದಿದ್ದ. ನೀರು ನಳಿಯಲ್ಲಿ ಬರುವಾಗ ಒಡ್ಡು ಯಾಕೆ ಎಂದು ಮೈದುನನಿಗೂ ಅನ್ನಿಸಿತು. ದಾಳಿಂಬೆಯ ಅರ್ಧದಲ್ಲಿ ಒಂದೂ ಬಿಡದೆ ತೆಗೆಸಿದರು. ಮೆಣಸಿನ ಅರ್ಧದಲ್ಲಿ ನೀರು ನಿಲ್ಲಿಸಲು ಬೇಕೆಂದು ಉಳಿಸಿಕೊಂಡರು. ಕೋಡಿಯ ಕಲ್ಲುಗಳನ್ನು ವೈನಿ ತಮ್ಮ ಬೇವಿನ ಮರದ ಕೆಳಗೆ ಒಟ್ಟಿಟ್ಟಿದ್ದರು.

ಬೇಸಿಗೆಯಲ್ಲಿ ಮಣ್ಣು ಕಳೆದುಕೊಂಡ ಹೊಲ ಮಳೆಯಲ್ಲಿ ಒಡ್ಡಿನಿಂದ ಉಳಿದುಕೊಂಡಿತ್ತು. ಬೇಸಿಗೆಯಲ್ಲಿ ಚಮಚೆ ಮಣ್ಣೂ ಕಳೆಯದ ಹೊಲ ಒಂದು ಮಧ್ಯಾಹ್ನದಲ್ಲಿ ಹೊರಟುಹೋಗಿತ್ತು. ನಳಿಯ ಕೆಳಗೆ ದಿನವೂ ತೇವವಿದ್ದ ನೆಲ ಮಳೆಯನ್ನು ಹೀರಲಿಲ್ಲ. ಕಸ ಒಂದೆಳೆ ಇಲ್ಲದಂತೆ ಹರಗಿದ ನಡುನೆಲ ಅದನ್ನು ತಡೆಯಲೂ ಇಲ್ಲ.

"ಈಗ ಮಳಿ ಬಂದ್ರ ಒಡ್ಡ ನೋಡಾಕ ಹೋಗೂದಿಲ್ರಿ ಮೇಡಮ್ಮಾರ," ಎಂದು ಮೈದುನ ಬೇಸಿಗೆಯಲ್ಲಿ ನನಗೆ ಹೆಮ್ಮೆಯಿಂದ ಹೇಳಿದ್ದರು. "ಚಾದ ಅಂಗಡಿಗಿ ಹೋಗ್ತೇನಿ."

ವಾಪಸ್ ಬನ್ನಿ ಎಂದು ಹೇಳಿಕಳಿಸಿದಾಗ ಸಾಮಾನು ಕಟ್ಟದೆ ಬರಿಗೈಯಲ್ಲಿ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮೇಲಧಿಕಾರಿ ಕೆಟ್ಟವರಲ್ಲ. ನನಗೆ ಕುರ್ಚಿ ತೋರಿಸಿ, ಚಹಾ ತರಿಸಿ, ಹೇಳಿದರು:

"ನೋಡ್ರಿ ಮೇಡಂ, ನಮ್ಮ ಯೋಜನಾ ನೀರಾವರಿದು. ಮಳಿ ನೀರಾವರಿ ಅಲ್ಲ. ಮಳಿ ಲೆಕ್ಕ ನಮಗ ಬರೂದಿಲ್ಲ."

"ಒಡ್ಡು ತಗದದ್ದು ನೀರಾವರಿ ಸಲುವಾಗಿ ಅಲ್ರೀ ಸರ್?"

"ಅದು ಅಂವಾ ತಗಸ್ಯಾನ. ನಾವೇನ್ ತಗಸಂದೇವಿ?"

ಚಹಾ ಕುಡಿಯದೆ ಎದ್ದು ಬಂದೆ ಎಂದು ಬರೆಯಲು ಆಸೆ. ಕುಡಿದೆ. ಆದರೆ ಡ್ರಮ್ಮು ವಾಪಸ್ ಕೊಡಲಿಲ್ಲ. ಬಾವಿಯಿಂದ ಎತ್ತಿಸಿ, ಸ್ವಲ್ಪ ಮೇಲೆ, ಕಲ್ಲಿನ ಆಸರೆ ಕೊಟ್ಟು ಮತ್ತೆ ಹುಗಿದೆ.

ಬಾವಿಯ ನೀರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಧಾರವಾಡದ ಒಂದು ಪ್ರಯೋಗಾಲಯಕ್ಕೆ ಒಯ್ದೆ. ಅವರು ಮುಟ್ಟಲಿಲ್ಲ. ಔಷಧ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ, ಬಿಸಿಲಿಗೆ ಒಡೆಯುತ್ತದೆ. ಕಂದು ಬಣ್ಣದ ಗಾಜಿನ ಬಾಟಲಿ ಬೇಕು, ಮಂಜುಗಡ್ಡೆಯಲ್ಲಿ ತರಬೇಕು. ಕಂದು ಗಾಜಿನ ಬಾಟಲಿಗಾಗಿ ಕಚೇರಿಯನ್ನು ಕೇಳುವಂತಿರಲಿಲ್ಲ. ಹುನಗುಂದದ ಔಷಧದ ಅಂಗಡಿಗಳಲ್ಲಿ ಸಿಕ್ಕವು ಬೆರಳುದ್ದದವು. ಕೊನೆಗೆ ಇಳಕಲ್ಲಿನ ಕಡೆಯ ಹೆದ್ದಾರಿಯಲ್ಲಿ ಒಂದು ಧಾಬಾದ ಹಿಂದೆ ಲೂನಾ ನಿಲ್ಲಿಸಿದೆ. ಬಿಯರಿನ ಖಾಲಿ ಬಾಟಲಿಗಳ ಗುಡ್ಡವೇ ಇತ್ತು. ಆರಿಸಿ ಚೀಲಕ್ಕೆ ಹಾಕುತ್ತಿದ್ದಾಗ ಧಾಬಾದವರು ಹೊರಗೆ ಬಂದರು.

"ಅಕ್ಕಾರ, ಖಾಲಿ ಯಾಕ ಒಯ್ತೀರಿ? ತುಂಬಿದ್ದೂ ಅದಾವ."

"ನಾನ ತುಂಬ್ಕೋತೇನ್ರಿ."

"ಏನ್ ತುಂಬ್ತೀರಿ?"

"ಔಷಧ ಬೆರತ ಬಾವಿ ನೀರು."

ಅವರು ಚೀಲದೊಳಗೆ ಇಣುಕಿದರು. "ನಮ್ಮ ಮಾಲಕಿಂತ ಜೋರ್ ಐತಿ ಬಿಡ್ರಿ," ಎಂದು ಒಳಗೆ ಹೋದರು.

ಎರಡನೆಯ ಮಳೆಗೆ ಬಾಟಲಿಗಳು ತೊಳೆದು ಒಣಗಿ ಸಿದ್ಧವಿದ್ದವು. ಬಾಟಲಿಯ ಕಿರಿದಾದ ಬಾಯಿಗೆ ಆಲಿಕೆ ಇಟ್ಟು, ಒಂದು ಕೈಯಿಂದ ಡ್ರಮ್ಮು ಕಲಕುತ್ತ, ಇನ್ನೊಂದು ಕೈಯಿಂದ ತುಂಬಿದೆ. ಬಾಟಲಿಯೊಳಗೆ ಕೆಂಪು ನೀರು ಹೊಳೆಯುತ್ತಿದ್ದ ಚಿತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಇದು ಶುದ್ಧ ಸುಳ್ಳು. ಬಾಟಲಿ ಕಂದು, ಒಳಗಿನ ಬಣ್ಣ ಕಾಣುವಂತೆಯೇ ಇರಲಿಲ್ಲ. ಮಂಜುಗಡ್ಡೆಯ ಪೆಟ್ಟಿಗೆಯನ್ನು ಬಸ್ಸಿಗೆ ಏರಿಸಿದಾಗ ಕಂಡಕ್ಟರು ಮುಚ್ಚಳ ತೆರೆದು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳದೆ ಲಗೇಜಿನ ಚೀಟಿ ಹರಿದರು. ಅಷ್ಟು ಗೌರವದಿಂದ ನನ್ನನ್ನು ಯಾವ ಕಂಡಕ್ಟರೂ ನಡೆಸಿಕೊಂಡಿಲ್ಲ.

ಫಲಿತಾಂಶ ಬಂತು. ತಿಳಿನೀರಿನಲ್ಲಿ ಔಷಧ ಕಡಿಮೆ, ತಳದ ಮಣ್ಣಿನಲ್ಲಿ ಹೆಚ್ಚು. ಔಷಧ ಮಣ್ಣನ್ನು ಹಿಡಿದುಕೊಂಡು ಪ್ರಯಾಣ ಮಾಡಿತ್ತು. ಮಣ್ಣು ನಿಲ್ಲಿಸಿದರೆ ಬಹುಪಾಲು ಅದೂ ನಿಲ್ಲುತ್ತದೆ. ಮೇಲಧಿಕಾರಿ ಮೊದಲ ಸಾಲನ್ನಷ್ಟೇ ಓದಿದರು. "ನೀರಾಗ ಅಂಥಾದ್ದೇನಿಲ್ಲಲ್ಲ?" ಎಂದರು. ಆಮೇಲೆ ವಿಷಯಕ್ಕೆ ಬಂದರು. ಬೆಂಗಳೂರಿನಿಂದ ಒಂದು ತಂಡ ನಮ್ಮ ಹನಿಯ ಹೊಲ ನೋಡಲು ಬರುವುದಿತ್ತು. ಟ್ರ್ಯಾಕ್ಟರ್ ಹೇಳಿದ್ದಾಗಿದೆ. ಕೊರಕಲುಗಳನ್ನೆಲ್ಲ ಮುಚ್ಚಿ ನೆಲ ಸಾಪು ಮಾಡಿಸಬೇಕು, ಡ್ರಮ್ಮು ಮತ್ತು "ಆ ಬಾಟ್ಲಿ ಗೀಟ್ಲಿ" ಕಾಣಬಾರದು.

"ಮುಂದಿನ ವರ್ಷದ ಗುತ್ತಿಗಿ ನಿಮ್ದು ಇನ್ನೂ ಸಹಿ ಆಗಿಲ್ಲ ಮೇಡಂ," ಎಂದೂ ಹೇಳಿದರು. ಬೆದರಿಕೆಯ ದನಿಯಲ್ಲಲ್ಲ, ಕೊಡೆ ಮರೆತು ಹೋಗುವವರನ್ನು ಎಚ್ಚರಿಸುವ ದನಿಯಲ್ಲಿ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಹೊಲದ ಬದುವಿನಲ್ಲಿ ನಿಂತಿತ್ತು, ಹಿಂದೆ ಮಣ್ಣು ಎಳೆಯುವ ಅಗಲದ ಪಟ್ಟಿ. ಕೊರಕಲಿಗೆ ಸಡಿಲ ಮಣ್ಣು ತುಂಬಿದರೆ ಮುಂದಿನ ಮಳೆಗೆ ಮೊದಲು ಹೋಗುವುದು ಅದೇ ಮಣ್ಣು, ಅದು ಹೋಗಿ ಸೇರುವುದು ವೈನಿಯ ಬಾವಿ. ನನ್ನ ಕೈಯಿಂದ ಅದನ್ನು ಮಾಡಿಸುವುದಿಲ್ಲ ಎಂದು ಆಗ ನಿರ್ಧರಿಸಿದೆ. ಮಾಡದೆ ಸುಮ್ಮನೆ ನಿಂತರೂ ಸಾಲದು. ಟ್ರ್ಯಾಕ್ಟರ್ ಬಂದಿದೆ, ಪಟ್ಟಿ ಇದೆ. ಒಡ್ಡು ಎಳೆಯಲು ಬೇಕಾದದ್ದೂ ಅದೇ.

ಹೊಲ ಮೈದುನನದು. ಅವರನ್ನು ಕರೆದೆ.

"ಒಡ್ಡ ಹಾಕಿದ್ರ ನಳಿ ಹೆಂಗ್ರಿ ಮತ್ತ? ನಳಿ ಜೋಡಸಾಂವ ನೆಟ್ಟಗ ಬರಂಗಿಲ್ಲಂತ ಹೇಳ್ಯಾನ."

ನಾನು ಒಂದು ಸಾಲಿನ ನಳಿಯನ್ನು ನೆಲದಿಂದ ಬಿಡಿಸಿ, ಕೆಳಗೆ ಮೊಣಕಾಲೆತ್ತರ ಕಲ್ಲು ಒಟ್ಟಿ, ನಳಿಯನ್ನು ಅದರ ಮೇಲಿನಿಂದ ಹಾಯಿಸಿ ವಾಲ್ವ್ ತಿರುಗಿಸಿದೆ. ಸ್ವಲ್ಪ ಹೊತ್ತು ಕಾದೆವು. ಕಲ್ಲಿನ ಗುಡ್ಡೆಯ ಈಚೆಗೂ ಆಚೆಗೂ ಮೊದಲಿನಂತೆಯೇ ತೊಟ್ಟು ತೊಟ್ಟು. ಮೈದುನ ಬಗ್ಗಿ ನೋಡಿದರು, ಎದ್ದು ನಿಂತರು, ಹೂಂ ಎನ್ನಲಿಲ್ಲ. ನನ್ನ ಪ್ರಯೋಗದಿಂದ ಅವರು ಒಪ್ಪಿದರು ಎಂದು ವರದಿಯಲ್ಲಿ ಬರೆದಿದ್ದೆ. ಅಲ್ಲ. ಒಪ್ಪಿಸಿದ್ದು, ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ ವೈನಿಯ ಮಾತು.

"ಬ್ಯಾಡ ಬಿಡ್ರಿ ಯವ್ವಾ, ಒಡ್ಡ ಹಾಕಬ್ಯಾಡ್ರಿ! ನನ್ನ ಮೈದುನನ ಹೊಲ ದಿನಾ ಒಂದೀಟು ನನ್ನ ಹೊಲಕ್ಕ ಬರಾಕತ್ತೈತಿ. ಇನ್ನೆರಡ್ ಮಳಿ ಹೋಗ್ಲಿ. ಆ ಕೆಂಪ್ ಮಣ್ಣಾಗ ನಾನೂ ದಾಳಿಂಬ್ರಿ ಹಚ್ತೇನಿ. ಅಂವಾ ಮ್ಯಾಲ ಬರೇ ಕಲ್ಲಿನ ಪಡೀ ಮ್ಯಾಗ ಕುಂತು ನಳಿ ಹಿಡಕೊಂಡಿರ್ಲಿ!"

"ವೈನಿ, ಬಾಯಿ ಭಾಳ ಆತು."

"ಬಾವಿ ತುಂಬೇತಲ್ಲೋ, ಅದಕ್ಕ ಬಾಯಿ ಖಾಲಿ ಮಾಡಾಕತ್ತೇನಿ."

ಟ್ರ್ಯಾಕ್ಟರಿನವರು ನಕ್ಕರು. ಮೈದುನ ನಗಲಿಲ್ಲ. ಅಂಗಿಯ ತೋಳು ಮಡಿಚಿ, ಮೊದಲ ನಳಿಯನ್ನು ಅವರೇ ಎತ್ತಿದರು.

"ಸಾಹೇಬ್ರು ಸಾಪ್ ಮಾಡು ಅಂದಾರ್ರಿ," ಎಂದರು ಟ್ರ್ಯಾಕ್ಟರಿನವರು.

"ನಾ ಒಡ್ಡ ಎಳಿ ಅಂತೇನಿ."

"ಬೈಸ್ಕೊಳ್ಳಾವ್ರು ಯಾರು?"

"ನಾ."

"ಹಂಗಾರ ಎಳ್ಯೂಣು."

ಇಳಿಜಾರಿಗೆ ಅಡ್ಡವಾಗಿ, ಗಿಡಗಳ ನಡುವೆ, ನಳಿಗಳನ್ನು ಎತ್ತಿ ಹಿಡಿದು ಮಣ್ಣು ಎಳೆಸಿದೆವು. ಕೆಲವು ಗಿಡಗಳ ಟೊಂಗೆ ಮುರಿಯಿತು. ಒಂದು ಕಡೆ ನಳಿ ಹರಿದು, ಜೋಡಣೆಗೆ ಬಾಗಲಕೋಟೆಗೆ ಓಡಬೇಕಾಯಿತು. ಮೊದಲ ಒಡ್ಡು ಕೆಳಗೆ ಜಾರಿದ್ದರಿಂದ ಕೆಡಿಸಿ ಮತ್ತೆ ಹಾಕಿದೆವು. ಮಣ್ಣನ್ನು ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಿ, ನಳಿಗಳನ್ನು ಒಡ್ಡಿನ ಮೇಲೆ ಹಾಯಿಸಿದೆವು. ಒಡ್ಡಿನ ಮೇಲ್ಗಡೆ ಒಂದು ಪಟ್ಟಿ ಹರಗದೆ ಹುಲ್ಲಿಗೆ ಬಿಡಲು ಮೈದುನ ತಕರಾರು ಮಾಡಿ, ಕೊನೆಗೆ ಬಿಟ್ಟರು. ಕೋಡಿಯ ಜಾಗ ಖಾಲಿ ಇತ್ತು. ಅದಕ್ಕೆ ನಾವು ಯಾರೂ ಕೈ ಹಾಕಲಿಲ್ಲ.

ತಂಡ ಬಂದ ದಿನ ಮೇಲಧಿಕಾರಿ ಜೀಪಿನಿಂದ ಇಳಿದು ಒಡ್ಡು ನೋಡಿದರು. ಅವರ ಮುಖದಲ್ಲಿ ಏನಾಯಿತು ಎಂದು ವರ್ಣಿಸಬಲ್ಲೆ, ಆದರೆ ನಾನು ಆಗ ಅವರ ಬೂಟುಗಳನ್ನು ನೋಡುತ್ತಿದ್ದೆ. ಡ್ರಮ್ಮು ಅದರ ಜಾಗದಲ್ಲೇ ಇತ್ತು. ಕಂದು ಬಾಟಲಿಗಳು ಅದರ ಪಕ್ಕದಲ್ಲಿ ಸಾಲಾಗಿದ್ದವು. ಮೈದುನ ವಾಲ್ವ್ ತಿರುಗಿಸಿದರು, ನೀರು ಒಡ್ಡು ಹತ್ತಿ ಇಳಿದು ತೊಟ್ಟಿಕ್ಕಿತು.

ಆ ಹೊತ್ತಿಗೆ ಸರಿಯಾಗಿ ವೈನಿ ಬುಟ್ಟಿಯಲ್ಲಿ ಕಲ್ಲು ಹೊತ್ತು ಬಂದರು. ತಂಡದವರ ನಡುವೆಯೇ ಕುಕ್ಕರುಗಾಲಲ್ಲಿ ಕೂತು ಕೋಡಿಗೆ ಜೋಡಿಸತೊಡಗಿದರು.

"ಇದೇನು?" ಎಂದರು ತಂಡದ ಹಿರಿಯರು. "ನಕ್ಷೆಯಲ್ಲಿ ಇಲ್ಲವಲ್ಲ."

ಮೇಲಧಿಕಾರಿ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ವೈನಿ ತಲೆ ಎತ್ತದೆ ಹೇಳಿದರು:

"ನಕ್ಷಾದಾಗ ನನ್ನ ಬಾವೀನೂ ಇಲ್ರಿ ಸಾಹೇಬ್ರ. ಒಂದೀಟು ಕಾಲು ತಗೀರಿ, ಕಲ್ಲ ಬಿದ್ದೀತು."

ಅವರು ಕಾಲು ತೆಗೆದರು. ಆಮೇಲೆ ಡ್ರಮ್ಮಿನ ಬಗ್ಗೆ ಕೇಳಿದರು. ನಾನು ಬೇಸಿಗೆಯದನ್ನೂ ಹೇಳಿದೆ, ಮಳೆಯದನ್ನೂ ಹೇಳಿದೆ. ಮೇಲಧಿಕಾರಿ ಎಲ್ಲರಿಗಿಂತ ಮೊದಲೇ ಹೋಗಿ ಜೀಪಿನಲ್ಲಿ ಕೂತರು.

ಇಲ್ಲಿಗೆ ನಿಲ್ಲಿಸಿದರೆ ಚೆಂದ. ಅದಕ್ಕೇ ನಿಲ್ಲಿಸುವುದಿಲ್ಲ. ಬಾವಿ ಇನ್ನೂ ಉಳಿದಿತ್ತು.

ಮೈದುನ ತಮ್ಮ ಇಂಜಿನ್ ಹಚ್ಚಿ ಬಾವಿ ಬರಿದು ಮಾಡಿಸಿ, ಕೆಂಪು ಹೂಳು ತೆಗೆಸಿದರು. ಹೊಸ ನೀರು ಊರಿತು. ಆಮೇಲಿನ ಮಳೆ ಸಣ್ಣದಲ್ಲ. ನಿಂತ ಕೂಡಲೇ ಮೈದುನ ಸಲಿಕೆ ಹಿಡಿದು ಬಂದರು, ಚಹಾದ ಅಂಗಡಿಗೆ ಹೋಗಲಿಲ್ಲ. ಒಡ್ಡಿನ ಹಿಂದೆ ಕೆಂಪು ನೀರು ಕೆರೆಯಂತೆ ನಿಂತು, ತಿಳಿಯಾಗುತ್ತ, ಕೋಡಿಯ ಕಲ್ಲಿನ ಮೇಲಿನಿಂದ ಸಣ್ಣಗೆ ಇಳಿಯುತ್ತಿತ್ತು. ನಾನು ಡ್ರಮ್ಮು ಕಲಕಿ ಬಿಳಿ ತಟ್ಟೆಗೆ ಸುರಿದು ನೋಡಿದೆ. ಕೆಂಪು ಇತ್ತು, ಗಸಿ ಇರಲಿಲ್ಲ. ವೈನಿಯೂ ಸೇರಿ ಮೂವರೂ ಬಾವಿಯ ಕಡೆಗೆ ಇಳಿದು ಹೋದೆವು. ನೀರು ಕೆಂಪಾಗಿರಲಿಲ್ಲ, ಬಾವಿಯ ಬಣ್ಣದ್ದೇ ಇತ್ತು.

ನನಗೆ ಗೆದ್ದ ಹುಮ್ಮಸ್ಸು. ವೈನಿ ಕೊಡ ಇಳಿಬಿಟ್ಟು ಸೇದಿ, ತಂಬಿಗೆಗೆ ಸುರಿದು, ಮೈದುನನ ಮುಂದೆ ಹಿಡಿದರು.

"ತಗೋ. ಮೊದಲ ನೀ ಕುಡಿ."

ಮೈದುನ ತಂಬಿಗೆ ತೆಗೆದುಕೊಂಡರು. ಬಾಯಿಯ ಹತ್ತಿರ ಒಯ್ದರು. ಮೇಲೆ ತಮ್ಮ ಹೊಲದ ಕಡೆ ನೋಡಿದರು. ಕೆಳಗಿಳಿಸಿದರು.

"ನಿನ್ನೆ ಔಷಧ ಹೊಡದೇನಿ, ವೈನಿ."

ಮಣ್ಣಿಗೆ ಅಂಟಿದ್ದು ಒಡ್ಡಿನ ಹಿಂದೆ ಉಳಿದಿರಬಹುದು. ನೀರಿಗೆ ಬೆರೆತದ್ದು? ನನ್ನ ಬಾಟಲಿಗಳು ಅದನ್ನು "ಕಡಿಮೆ" ಎಂದಿದ್ದವು. ಕಡಿಮೆ ಎಂಬ ಪದವನ್ನು ಆ ತಂಬಿಗೆಯ ಮುಂದೆ ಹೇಳಲು ನನಗೆ ಧೈರ್ಯ ಬರಲಿಲ್ಲ.

"ನಿನ್ನೆ ಮ್ವಾಡ ಕಂಡಿದ್ದಿಲ್ಲೇನು?"

"ಕಂಡಿತ್ತು. ಮಳಿ ಬಂದ ಮ್ಯಾಲ ಹುಳಾ ಬೀಳ್ತಾವಂತ ಮದ್ಲ ಹೊಡದೆ."

ವೈನಿ ನೀರನ್ನು ಚೆಲ್ಲಿದರು. ಏರು ಹತ್ತಿ ಮೈದುನನ ಪಂಪಿನ ಶೆಡ್ಡಿಗೆ ಹೋದರು. ನಾವು ಹಿಂದೆಯೇ ಹೋಗುವಷ್ಟರಲ್ಲಿ ಔಷಧ ಹೊಡೆಯುವ ಪಂಪಿನಿಂದ ಅದರ ಗನ್ನನ್ನು, ಎಂದರೆ ಕೈಯಲ್ಲಿ ಹಿಡಿಯುವ ಉದ್ದನೆಯ ಸಿಂಪಡಿಸುವ ಕೊಳವೆಯನ್ನು, ತಿರುಗಿಸಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಏನ್ ಮಾಡ್ತಿ ವೈನಿ? ಕೊಡಿಲ್ಲಿ!"

"ನನ್ನ ಮನ್ಯಾಗ ಇರ್ತತಿ. ಹೊಡಿಬೇಕಾದಾಗ ಬಾ. ನಾ ಹೊರಗ ಬಂದು ಮ್ವಾಡ ನೋಡ್ತೇನಿ. ಇಲ್ಲಂದ್ರ ಕೊಡ್ತೇನಿ. ಇತ್ತಂದ್ರ ಚಾ ಕೊಡ್ತೇನಿ, ಕುಡದು ಹೋಗು."

"ನನ್ನ ಪಂಪು!"

"ಪಂಪು ನಿಂದ. ಅಲ್ಲೇ ಐತಿ ನೋಡು."

ಮೈದುನ ನನ್ನ ಕಡೆ ತಿರುಗಿದರು. ನ್ಯಾಯ ಹೇಳಲಿ ಎಂದು. ನಾನು ವೈನಿಗೆ ದಾರಿ ಬಿಟ್ಟು ಸರಿದೆ. ಅವರು, "ಒಡ್ಡು ನಂದು, ಕೋಡಿ ನಿಂದು, ಈಗ ಮ್ವಾಡಾನೂ ನಿಂದ ಆತು," ಎಂದು ಗೊಣಗಿ, ಸಲಿಕೆ ಎತ್ತಿಕೊಂಡು ಕೆಳಗಿನ ಒಡ್ಡಿಗೆ ಹೋದರು. ವೈನಿ ಬಾವಿಯ ನೀರನ್ನು ಎಮ್ಮೆಗೂ ಕುಡಿಸಲಿಲ್ಲ. ಮತ್ತೆ ಬರಿದು ಮಾಡಿಸಿದರು. ಮಳೆಗಾಲ ಮುಗಿಯುವವರೆಗೆ ಊರ ನಲ್ಲಿಯಿಂದ ನೀರು ಹೊತ್ತರು. ಗನ್ನು ಅವರ ಅಡುಗೆಮನೆಯ ಗೂಟದಲ್ಲಿ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡಿನಿಂದ ಬಿಗಿದು ತೂಗುತ್ತಿತ್ತು. ಮೈದುನ ಎರಡು ಸಲ ಚಹಾ ಕುಡಿದು ವಾಪಸ್ ಹೋದದ್ದನ್ನು ನಾನೇ ನೋಡಿದ್ದೇನೆ.

ವರದಿ ಬರೆದೆ. ಬೇಸಿಗೆಯ ಒಣ ಡ್ರಮ್ಮನ್ನೂ ಬರೆದೆ, ಅದು ಸುಳ್ಳಲ್ಲ. ಮಳೆಯ ಅಧ್ಯಾಯವನ್ನೂ ಬರೆದೆ. ಕೊನೆಯಲ್ಲಿ ಶಿಫಾರಸುಗಳು. ಮೇಲಧಿಕಾರಿ ಪೆನ್ನು ಹಿಡಿದು ಓದುತ್ತ ಬಂದರು. ಹನಿ ನೀರಾವರಿಗೆ ಒಡ್ಡು ತೆಗೆಯಕೂಡದು ಎಂಬಲ್ಲಿ ಕೆಮ್ಮಿ ಮುಂದೆ ಹೋದರು. ಹುಲ್ಲಿನ ಪಟ್ಟಿಯನ್ನು ಬಿಟ್ಟರು. ಕೊನೆಯದರ ಮೇಲೆ ಪೆನ್ನು ನಿಂತಿತು.

"'ಮಳೆಗಾಲದಲ್ಲಿ ಸಿಂಪಡಣೆ ಪಂಪಿನ ಗನ್ನನ್ನು ಕೆಳಗಿನ ಹೊಲದವರ ಮನೆಯಲ್ಲಿ ಇಡತಕ್ಕದ್ದು.' ಇದೇನ್ರಿ ಮೇಡಂ? ಇದು ಶಿಫಾರಸೇನು?"

"ಹೌದ್ರಿ ಸರ್."

"ಯಾವ ಪುಸ್ತಕದಾಗ ಐತಿ ಇದು? ತಗದ್ ಹಾಕ್ರಿ. ಗುತ್ತಿಗಿ ಕಾಗದ ಇಲ್ಲೇ ಐತಿ, ಸಹಿ ಮಾಡಿ ಕೊಡ್ತೇನಿ."

"ನೀವು ಆ ಬಾವಿ ನೀರು ಒಂದ್ ತಂಬಿಗಿ ಕುಡೀರಿ ಸರ್," ಎಂದೆ. "ತಗದ್ ಹಾಕ್ತೇನಿ."

ಈ ಮಾತನ್ನು ನಾನು ಹೇಳಿದೆನೇ, ಲೂನಾ ಹತ್ತಿದ ಮೇಲೆ ಹೊಳೆಯಿತೇ, ಖಾತ್ರಿಯಿಲ್ಲ. ಖಾತ್ರಿಯಿರುವುದು ಇಷ್ಟು: ಆ ಸಾಲನ್ನು ನಾನು ತೆಗೆಯಲಿಲ್ಲ, ಗುತ್ತಿಗೆಯ ಕಾಗದಕ್ಕೆ ಸಹಿ ಬೀಳಲಿಲ್ಲ. ಹೊರಗೆ ಬಂದಾಗ ಹುನಗುಂದದ ದಿಕ್ಕಿಗೆ ಮೋಡ ಕಟ್ಟಿತ್ತು. ಖಾಲಿ ಕಂದು ಬಾಟಲಿಗಳ ಚೀಲ ಲೂನಾಕ್ಕೆ ಕಟ್ಟಿಕೊಂಡು ಹೊಲದ ಕಡೆಗೇ ಹೊರಟೆ. ಮುಟ್ಟಿದಾಗ ವೈನಿ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಕಟ್ಟೆಯ ಮೇಲೆ ಮೈದುನ ಚಹಾ ಕುಡಿಯುತ್ತಿದ್ದರು.